ಸಿಟ್ಟಿದ್ದ ದಿನ ಅರ್ಧ ಮಾತ್ರೆ

ನಮ್ಮೂರಿನಲ್ಲಿ ಕಾಫಿ ಕುಡಿದವರಿಗೆ ನಿದ್ದೆ ಕೆಡುವುದಿಲ್ಲ, ಕುಡಿಯುವಾಗ ಅವರ ಮನಸ್ಸಿನಲ್ಲಿ ಯಾರಿದ್ದರೋ ಅವರಿಗೆ ಕೆಡುತ್ತದೆ. ಭೇದಿಯ ಪುಡಿ, ಹುಳುಕಡ್ಡಿಯ ಮುಲಾಮು ಇವೆಲ್ಲ ಬೇರೆ ಊರುಗಳಲ್ಲಿ ಇದ್ದಂತೆಯೇ, ತಿಂದವರಿಗೆ, ಹಚ್ಚಿಕೊಂಡವರಿಗೆ. ಆದರೆ ತಲೆಯೊಳಕ್ಕೆ ಹೋಗಿ ನರದ ಮೇಲೆ ಕೆಲಸ ಮಾಡುವ ಪದಾರ್ಥ ಯಾವುದೇ ಇರಲಿ, ಅದು ನುಂಗಿದವರನ್ನು ಬಿಟ್ಟು ಅವರ ನೆನಪಿನಲ್ಲಿದ್ದವರ ಮೈ ಸೇರುತ್ತದೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಇಪ್ಪತ್ತೊಂಬತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ, ನನಗೂ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ತನ್ನನ್ನೇ ತಾನು ನೆನೆದುಕೊಂಡು ನುಂಗಬಹುದಲ್ಲ ಎಂದು ಹೊರಗಿನಿಂದ ಬಂದವರು ಜಾಣತನ ತೋರಿಸುತ್ತಾರೆ. ನುಂಗಿ ನೋಡಲಿ. ಹುಳಿತೇಗು ಬರುತ್ತದೆ, ಅಷ್ಟೇ.

ಇದಕ್ಕೆ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಬೆಳಗ್ಗೆ ಗಂಡ ಹೆಂಡತಿಗಾಗಿ ಕಾಫಿ ಕುಡಿಯುತ್ತಾನೆ, ಹೆಂಡತಿ ಗಂಡನಿಗಾಗಿ. ಒಬ್ಬರು ಮುನಿಸಿಕೊಂಡರೆ ಇನ್ನೊಬ್ಬರು ಹತ್ತು ಗಂಟೆಯಾದರೂ ಆಕಳಿಸುತ್ತಿರುತ್ತಾರೆ, ಬೀದಿಗೆಲ್ಲ ಜಗಳದ ಸುದ್ದಿ ಹಾಗೆಯೇ ಮುಟ್ಟುತ್ತದೆ. ಹೆಂಡದಂಗಡಿಯಿಂದ ಗಂಡಸರು ನೆಟ್ಟಗೆ ನಡೆದು ಮನೆಗೆ ಬರುತ್ತಾರೆ. ಹಿಂದೆ ಅವರ ಹೆಂಡತಿಯರು ಒಲೆಯ ಮುಂದೆ ತೂರಾಡುತ್ತಿದ್ದರಂತೆ. ಹೆಂಗಸರೆಲ್ಲ ಪೊರಕೆ ಹಿಡಿದು ಹೋಗಿ ಗಲಾಟೆ ಮಾಡಿದ ಮೇಲೆ, ಇನ್ನು ಮುಂದೆ ಎಲ್ಲರೂ ಪುರಸಭೆಯ ಅಧ್ಯಕ್ಷರನ್ನು ನೆನೆದು ಕುಡಿಯತಕ್ಕದ್ದು ಎಂದು ತೀರ್ಮಾನವಾಯಿತು. ಅಂದಿನಿಂದ ಆ ಕುರ್ಚಿಗೆ ಪೈಪೋಟಿ ಕಡಿಮೆ. ಡಾಕ್ಟರ ಚೀಟಿಯಲ್ಲಿ ಎರಡು ಹೆಸರಿನ ಜಾಗ ಇರುತ್ತದೆ, ಒಂದು ಕಾಯಿಲೆಯವರದು, ಇನ್ನೊಂದು ನುಂಗುವವರದು. ಎರಡನೆಯ ಹೆಸರು ಇಲ್ಲದ ಚೀಟಿ ತಂದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೌನಾಚಾರ್ರು ಅಂಥ ಚೀಟಿ ಹಿಡಿದುಕೊಂಡು ಬಂದರು. ನನ್ನ ಅಂಗಡಿಯ ಎದುರಿಗೇ ಅವರ ಅಂಗಡಿ, ಚಿನ್ನ ಬೆಳ್ಳಿ ಕೆಲಸ. ಅದಕ್ಕಿಂತ ಹೆಚ್ಚಾಗಿ, ಊರಿನ ಮಕ್ಕಳಿಗೆಲ್ಲ ಕಿವಿ ಚುಚ್ಚುವವರು ಅವರೊಬ್ಬರೇ. ಚಿನ್ನದ ತಂತಿಯ ತುದಿಯನ್ನು ಚೂಪು ಮಾಡಿ, ಮಗು ಅಳಬೇಕು ಅಂದುಕೊಳ್ಳುವಷ್ಟರಲ್ಲಿ ಚುಚ್ಚಿ, ಬಾಗಿಸಿ, ಕೈ ತೆಗೆದಿರುತ್ತಿದ್ದರು. ಅರವತ್ತಮೂರು ವರ್ಷ, ಹೆಂಡತಿ ಹೋಗಿ ಆರು ವರ್ಷ, ಮಕ್ಕಳಿಲ್ಲ. ಹೋದ ಯುಗಾದಿಯ ಹೊತ್ತಿಗೆ ಅವರ ಬಲಗೈ ನಡುಗಲು ಶುರುವಾಯಿತು. ಕೆಲಸ ಮಾಡುವಾಗ ಮಾತ್ರವಲ್ಲ, ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಾಗಲೂ, ಹೆಬ್ಬೆರಳು ತೋರುಬೆರಳು ಬತ್ತಿ ಹೊಸೆದ ಹಾಗೆ. ತಾಯಂದಿರು ಮಗು ಎತ್ತಿಕೊಂಡು ಬಂದು, ಆ ಕೈ ನೋಡಿ, ಏನೋ ನೆಪ ಹೇಳಿ ವಾಪಸು ಹೋಗುವುದನ್ನು ನಾನು ಎಷ್ಟೋ ಸಲ ಕಂಡೆ.

ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ಮಿದುಳಿನೊಳಗೆ ಒಂದು ನರ ಇನ್ನೊಂದನ್ನು ಮುಟ್ಟಿಕೊಂಡಿರುವುದಿಲ್ಲ, ನಡುವೆ ಕೂದಲೂ ತೂರದಷ್ಟು ಸಣ್ಣ ಸಂದು. ಈಚೆಯ ನರ ತಾನು ಹೇಳಬೇಕಾದ್ದನ್ನು ಒಂದು ರಸವಾಗಿ ಚಿಮ್ಮಿಸುತ್ತದೆ. ಆಚೆಯ ನರದ ಮೈಮೇಲೆ ಆ ರಸಕ್ಕೆಂದೇ ಗೂಡುಗಳಿರುತ್ತವೆ. ಅಲ್ಲಿ ಹೋಗಿ ಕೂತಿತೆಂದರೆ ಮಾತು ಮುಟ್ಟಿತು. ಕೈಕಾಲನ್ನು ಹದವಾಗಿ ಆಡಿಸುವ ರಸದ ಹೆಸರು ಡೋಪಮೈನ್. ಅದನ್ನು ಮಾಡುವ ಜಾಗ ಸವೆದರೆ ಕೈ ನಡುಗುತ್ತದೆ, ಹೆಜ್ಜೆ ಮೊಟಕಾಗುತ್ತದೆ, ಮುಖದಲ್ಲಿ ನಗು ಮೂಡುವುದೂ ತಡವಾಗುತ್ತದೆ. ಆ ರಸವನ್ನೇ ಕೊಡೋಣವೆಂದರೆ ಅದನ್ನು ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಬಿಟ್ಟುಕೊಳ್ಳುವಂಥ ಕಚ್ಚಾ ಪದಾರ್ಥವನ್ನು ಮಾತ್ರೆಯಲ್ಲಿ ಕಳಿಸುತ್ತಾರೆ, ಒಳಗೆ ಹೋದ ಮೇಲೆ ಅದು ಡೋಪಮೈನ್ ಆಗುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ. ನಾಲ್ಕೈದು ಗಂಟೆ ಕೈ ನಮ್ಮ ಮಾತು ಕೇಳುತ್ತದೆ, ಆಮೇಲೆ ಮತ್ತೆ ನುಂಗಬೇಕು. ದಿನಕ್ಕೆ ಮೂರು ಸಲ, ಹೊತ್ತಿಗೆ ಸರಿಯಾಗಿ.

ದಿನಕ್ಕೆ ಮೂರು ಸಲ ಮೌನಾಚಾರ್ರನ್ನು ನೆನೆಯುವವರು ಯಾರಿದ್ದಾರೆ? ಪಕ್ಕದ ದರ್ಜಿ ಶಾಂತಪ್ಪ ಒಪ್ಪಿಕೊಂಡ, ಒಳ್ಳೆಯ ಮನುಷ್ಯ. ಎರಡನೆಯ ದಿನ ಅವನ ಎಮ್ಮೆ ನಿಂತಲ್ಲೇ ಕಾಲು ಕುಣಿಸತೊಡಗಿತು. ಅದು ಈಯುವ ದಿನಗಳು, ಅವನ ತಲೆಯಲ್ಲಿ ಬೇರೇನಿರುತ್ತದೆ. ಆಮೇಲೆ ನಾನೇ ನುಂಗಿದೆ. ನನ್ನದು ಬಾಯಿ ಒಂದು ಕಡೆ, ಮನಸ್ಸು ನೂರು ಕಡೆ. ಕೆಮ್ಮಿನ ಸಿರಪ್ಪು ಇನ್ನೂ ಬರಲಿಲ್ಲವಲ್ಲ ಅಂದುಕೊಳ್ಳುತ್ತ ನುಂಗಿಬಿಟ್ಟೆ. ಸಿರಪ್ಪಿನ ಏಜೆಂಟನಿಗೆ ಮೈಯೆಲ್ಲ ಜುಮುಗುಟ್ಟಿ ಬಸ್ಸಿನಲ್ಲಿ ವಾಂತಿಯಾಯಿತಂತೆ. "ಬಿಡಿ ತಾಯಿ" ಎಂದರು ಆಚಾರ್ರು. "ಸಾಕಷ್ಟು ಕಿವಿ ಚುಚ್ಚಿದೀನಿ." ಹಾಗೆ ಹೇಳುವಾಗ ಬಲಗೈಯನ್ನು ಎಡಗೈಯಿಂದ ಅದುಮಿಕೊಂಡಿದ್ದರು. 

ಅದೇ ವಾರ ಇನ್ನೊಂದು ವಿಚಿತ್ರ ನಡೆಯಿತು. ಆಚಾರ್ರು ಮೂರು ದಿನ ಬೆಳಗ್ಗೆ ಒಂಬತ್ತೂವರೆಗೆ ಸರಿಯಾಗಿ ಕೂತಲ್ಲೇ ತೂಕಡಿಸಿದರು. ಮೂರನೆಯ ದಿನ ಹಣೆ ಹೋಗಿ ತಕ್ಕಡಿಗೆ ತಗುಲಿತು. ಆಗ ನನ್ನ ತಲೆಗೆ ಹೊಳೆಯಿತು. ಆ ಮೂರೂ ದಿನ ಒಂಬತ್ತು ಗಂಟೆಗೆ ನನ್ನ ಅಂಗಡಿಯ ಮುಂದೆ ನಿಂತು ನೆಗಡಿ ಮಾತ್ರೆ ನುಂಗಿದವಳು ಹೊಂಬಾಳಮ್ಮ. ಅವಳದು ಮೂಲೆಯ ಹಿಟ್ಟಿನ ಗಿರಣಿ. ಹಿಟ್ಟಿನ ಧೂಳಿಗೆ ಸೀನು. ನಮ್ಮನ್ನು ಎಚ್ಚರವಾಗಿಡುವ ಇನ್ನೊಂದು ರಸವಿದೆ, ಆ ಹಳೇ ಕಾಲದ ನೆಗಡಿ ಮಾತ್ರೆ ಮಿದುಳಿಗೆ ಹೋಗಿ ಅದರ ಗೂಡಿನಲ್ಲಿ ತಾನು ಕೂತುಬಿಡುತ್ತದೆ. ರಸಕ್ಕೆ ಜಾಗ ಸಿಗುವುದಿಲ್ಲ, ತೂಕಡಿಕೆ ಬರುತ್ತದೆ. ಮೂಗಿನ ಉಪಕಾರ ನುಂಗಿದವಳಿಗೆ, ತೂಕಡಿಕೆ ನೆನಪಿನಲ್ಲಿದ್ದವರಿಗೆ. ಮೂರೂ ದಿನ ಅವಳು ನುಂಗುವಾಗ ಎದುರಿನ ಅಂಗಡಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಅವಳ ಸಿಟ್ಟು ಊರಿಗೇ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ, ತೀರಿಹೋದ ಅವ್ವನ ಓಲೆಯ ತಿರುಪು ಸಡಿಲವಾಗಿದೆಯೆಂದು ರಿಪೇರಿಗೆ ಕೊಟ್ಟಿದ್ದಳು. ಆಚಾರ್ರು, ಹಳೇದಾಗಿದೆ, ಸವೆದಿದೆ ಎಂದುಕೊಂಡು ಎರಡನ್ನೂ ಕರಗಿಸಿ, ಫಳಫಳ ಹೊಳೆಯುವ ಹೊಸ ಓಲೆ ಮಾಡಿ ಕೈಗಿಟ್ಟರು. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಹೊಂಬಾಳಮ್ಮ ಓಲೆಯನ್ನು ತಿರುಗಿಸಿ ತಿರುಗಿಸಿ ನೋಡಿ ಗೋಳೋ ಎಂದು ಅತ್ತಳು. "ತೂಕ ನೋಡ್ಕೊಳ್ಳಿ, ಒಂದು ಗುಲಗಂಜಿ ಹೆಚ್ಚುಕಮ್ಮಿ ಇಲ್ಲ" ಎಂದರಂತೆ ಆಚಾರ್ರು. ಅವತ್ತಿನಿಂದ ಅವಳು ಅವರ ಜೊತೆ ಮಾತಾಡಿಲ್ಲ.

ನಾನು ಗಿರಣಿಗೆ ಹೋಗಿ ವಿಷಯ ಹೇಳಿದೆ. ಅವಳು ರಾಗಿ ಸುರಿಯುತ್ತಲೇ ಕೇಳಿಸಿಕೊಂಡಳು. ಗಿರಣಿಯ ಸದ್ದಿನಲ್ಲಿ ಬದುಕುವವಳು, ಗುಟ್ಟು ಹೇಳಿದರೂ ಊರಿಗೆ ಕೇಳಿಸುವ ಗಂಟಲು. "ಅವನ ಕೈ ನಡುಗಿದ್ರೆ ನಾನ್ಯಾಕೆ ಮಾತ್ರೆ ನುಂಗ್ಲಿ ವಸುಮತಿ? ನಂಗೇನು ತಲೆ ಕೆಟ್ಟಿದ್ಯಾ?"

"ನೀನು ಅವರ ಮೇಲೆ ಕನಿಕರ ತೋರಿಸು ಅಂತ ನಾನೆಲ್ಲಿ ಹೇಳ್ದೆ ಅಕ್ಕ? ಸಿಟ್ಟಿರ್ಲಿ. ಸಿಟ್ಟು ಇದ್ರೇನೇ ಮಾತ್ರೆ ಮುಟ್ಟೋದು. ಊರಲ್ಲಿ ಅವರನ್ನ ನಿನ್ನಷ್ಟು ನೆನೆಯೋರು ಇನ್ಯಾರೂ ಇಲ್ಲ."

 ಅವಳು ಗಿರಣಿಯ ಬಾಯಿಯನ್ನು ಚೀಲದಿಂದ ಒರೆಸಿದಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ನಡುಗೋ ಕೈಯೋನ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದೀನಲ್ಲ, ಅದೂ ಒಂದು ಸಿಟ್ಟೇನೆ? ಮೊನ್ನೆ ಅವನು ಲೋಟ ಎತ್ತಕ್ಕೆ ಒದ್ದಾಡ್ತಿದ್ದ. ಬೈಯೋಣ ಅಂತ ಬಾಯಿ ತೆಗೆದೋಳು ಮುಚ್ಕೊಂಡೆ. ಅವನು ನೆಟ್ಟಗಿರ್ಬೇಕು ಕಣೆ, ಆಗ ಬೈದ್ರೆ ನಂಗೂ ಮರ್ಯಾದೆ. ಕೊಡು ಮಾತ್ರೆ. ನನ್ನ ಹೆಸರು ಮಾತ್ರ ಎಲ್ಲೂ ಬರೀಬೇಡ."

ಮಾರನೆಯ ದಿನದಿಂದ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಅವಳು ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಬರುವುದು, ಎದುರಿನ ಅಂಗಡಿಗೆ ಮುಖ ಮಾಡಿ ನಿಲ್ಲುವುದು, "ನಿನ್ನ ತಕ್ಕಡಿಗೆ ಗೆದ್ದಲು ಹತ್ಲಿ" ಎಂದು ಗೊಣಗಿ ನುಂಗುವುದು. ಅರ್ಧ ಗಂಟೆಯಲ್ಲಿ ಆಚಾರ್ರ ಕೈ ತಣ್ಣಗೆ ನಿಂತುಬಿಡುತ್ತಿತ್ತು. ನನ್ನ ಅಂಗಡಿಯಿಂದ ನೋಡಿದರೆ ಕಾಣುತ್ತಿತ್ತು. ಮೊದಲ ದಿನ ಅವರು ಆ ಕೈಯನ್ನು ಮುಖದ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು, ತಿರುಗಿಸಿ ಅಂಗೈಯನ್ನೂ ನೋಡಿದರು. ಮೊದಲ ಹದಿನೈದು ದಿನದಲ್ಲಿ ಹನ್ನೊಂದು ಮಕ್ಕಳಿಗೆ ಕಿವಿ ಚುಚ್ಚಿದರು.

ನೆನಪು ಎಷ್ಟು ಗಟ್ಟಿಯೋ ಮದ್ದು ಅಷ್ಟು ಮುಟ್ಟುತ್ತದೆ, ಹಾಗಾಗಿ ಪ್ರಮಾಣ ಹಿಡಿಯುವುದೇ ನನಗೊಂದು ಕೆಲಸವಾಯಿತು. ಗಿರಣಿಯಲ್ಲಿ ಕರೆಂಟು ಕೈಕೊಟ್ಟ ದಿನ, ಯಾರೋ ಅವಳ ಕಿವಿ ನೋಡಿ ಹೊಸ ಓಲೆಯಾ ಎಂದು ಕೇಳಿದ ದಿನ, ಅವಳ ಸಿಟ್ಟು ನೆತ್ತಿಗೇರಿರುತ್ತಿತ್ತು. ಅಂಥ ದಿನ ಇಡೀ ಮಾತ್ರೆ ಕೊಟ್ಟರೆ ಡೋಪಮೈನ್ ಹೆಚ್ಚಾಗಿ ಆಚಾರ್ರ ಭುಜ, ಕತ್ತು ತಾವಾಗಿಯೇ ಹೊರಳಾಡುತ್ತಿದ್ದವು. ಡಾಕ್ಟರು ಚೀಟಿಯಲ್ಲೇ ಬರೆದುಕೊಟ್ಟರು: ಸಿಟ್ಟಿದ್ದ ದಿನ ಅರ್ಧ, ಮಾಮೂಲು ದಿನ ಒಂದು, ಒಂದೂವರೆ ದಾಟಬಾರದು. ಅವಳು ಬಂದ ಕೂಡಲೇ ನಾನು "ಏನಕ್ಕ, ಇವತ್ತು ಹೇಗಿದೆ?" ಎಂದು ಕೇಳುತ್ತಿದ್ದೆ. ಬ್ಲೇಡು ಕೈಯಲ್ಲೇ ಇಟ್ಟುಕೊಂಡಿರುತ್ತಿದ್ದೆ, ಮಾತ್ರೆ ಅರ್ಧ ಮಾಡಲು.

ಆಚಾರ್ರು ಮಾತ್ರ ಬೇರೆಯೇ ಲೋಕದಲ್ಲಿದ್ದರು. "ಯಾರು ತಾಯಿ ಆ ಪುಣ್ಯಾತ್ಮರು? ದಿನಕ್ಕೆ ಮೂರು ಸಲ ನನ್ನನ್ನ ಯಾರೋ ನೆನೆಯೋರಿದಾರೆ ಅಂದ್ರೆ ನಂಗೆ ಊಟ ಸೇರ್ತದೆ, ನಿದ್ದೆ ಬರ್ತದೆ." ನಾನು ಏನೋ ಹಾರಿಕೆಯ ಉತ್ತರ ಕೊಡುತ್ತಿದ್ದೆ. ಎದುರಿಗೆ ನಿಂತು ದುರುಗುಟ್ಟುವ ಹೊಂಬಾಳಮ್ಮನ ಕಡೆ ಅವರು ಮೊದಲಿನಿಂದಲೂ ಕಣ್ಣೆತ್ತುತ್ತಿರಲಿಲ್ಲ. ಒಂದು ದಿನ ಬೆಳಗ್ಗೆ ಎಂಟಕ್ಕೆ ಅವರು ಕೆಮ್ಮಿಗೆ ಏನಾದರೂ ಕೊಡಿ ಎಂದು ಕೇಳಲು ಪಕ್ಕದ ಸಂದಿಯಿಂದ ಬಂದರು. ಹೊಂಬಾಳಮ್ಮ ಅವರಿಗೆ ಬೆನ್ನು ಮಾಡಿ ನಿಂತಿದ್ದಳು, ಅವರ ಖಾಲಿ ಅಂಗಡಿಗೆ ಗೆದ್ದಲು ಹತ್ತಿಸುತ್ತಿದ್ದಳು. ನುಂಗಿದಳು, ಲೋಟ ಇಟ್ಟಳು, ಹೋದಳು. ಆಚಾರ್ರು ಗೋಡೆ ಹಿಡಿದುಕೊಂಡು ನಿಂತೇ ಇದ್ದರು.

"ಅವ್ರಾ?" ಎಂದರು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಹೌದು" ಎಂದೆ. "ಓಲೆ ನಮೂನೆ ಹಿಡಿಸ್ಲಿಲ್ಲ ಅಂತ ಅವ್ರು ಇನ್ನೂ..." ಎಂದರು ಆಚಾರ್ರು.

"ನಮೂನೆ ಅಲ್ಲ ಆಚಾರ್ರೆ. ಅವಳೇ ನಂಗೆ ಹೇಳಿದ್ಳು, ಹಾಲು ಕುಡಿಯೋ ಮಗು ಆಗಿದ್ದಾಗ ಹೊಸ ಹಲ್ಲಲ್ಲಿ ಅವ್ವನ ಓಲೆ ಕಚ್ಚಿದ್ದಳಂತೆ. ಅದರ ಗುರುತು ಓಲೆಯಲ್ಲಿತ್ತು. ಅವ್ವ ಅದನ್ನ ಇವಳಿಗೆ ತೋರಿಸಿ ತೋರಿಸಿ ನಗ್ತಿದ್ರಂತೆ. ನೀವು ಕರಗಿಸಿದ್ದು ಅದನ್ನ."

ಅವರ ಮುಖದಲ್ಲಿ ಏನೂ ಮೂಡಲಿಲ್ಲ, ಅದು ಕಾಯಿಲೆಯ ಮುಖ. ಕಣ್ಣು ಮಾತ್ರ ತುಂಬಿಕೊಂಡವು. "ಎಡಗಡೆಯದರಲ್ಲಿ" ಎಂದರು. "ಕೆಳಗಿನ ಅಂಚಲ್ಲಿ ಒಂದು ಸಣ್ಣ ತಗ್ಗಿತ್ತು. ನಂಗೆ ಕಂಡಿತ್ತು ತಾಯಿ." ಅವರು ಆಗಲೇ ರಸ್ತೆಗೆ ಇಳಿಯಲು ಹೊರಟರು. ನಾನು ಕೌಂಟರಿನ ಹಲಗೆ ಎತ್ತಿ ಓಡಿಬಂದು ಅಡ್ಡ ನಿಂತೆ. ಔಷಧಿಯವಳಾಗಿ ಹೇಳಬೇಕಾದ್ದನ್ನು ಹೇಳಿದೆ. "ಕೇಳಿ. ನೀವೀಗ ಹೋಗಿ ತಪ್ಪಾಯ್ತು ಅಂದ್ರೆ ಅವಳ ಸಿಟ್ಟು ಇಳಿಯುತ್ತೆ. ಸಿಟ್ಟು ಇಳಿದ್ರೆ ನೀವು ಅವಳ ತಲೆಯಿಂದ ಹೋಗ್ತೀರ. ಆಮೇಲೆ ನಿಮ್ಮ ಕೈ ಯಾರು ನಿಲ್ಲಿಸ್ತಾರೆ? ಬೇರೆ ನುಂಗೋರು ನಿಮಗಿಲ್ಲ. ಇಪ್ಪತ್ತೆರಡು ವರ್ಷ ಸುಮ್ನಿದ್ರಲ್ಲ, ಇನ್ನೂ ಸುಮ್ನಿರಿ." ಹೇಳಿದ್ದು ಸರಿಯೇ, ಆದರೆ ಹೇಳುವಾಗ ನನಗೇ ನಾಚಿಕೆಯಾಯಿತು.

ಆಚಾರ್ರು ಮೂರು ದಿನ ಸುಮ್ಮನಿದ್ದರು. ಬಂದ ಮಕ್ಕಳಿಗೆ ಕಿವಿ ಚುಚ್ಚಿದರು, ಬಂದ ಕೆಲಸ ಮಾಡಿದರು. ಆದರೆ ಅವಳು ನುಂಗುವ ಹೊತ್ತಿಗೆ ಸರಿಯಾಗಿ ತಲೆ ಬಗ್ಗಿಸಿಕೊಂಡು ಕೂತಿರುತ್ತಿದ್ದರು, ಏಟಿಗೆ ಬೆನ್ನು ಕೊಟ್ಟವರ ಹಾಗೆ. ನಾಲ್ಕನೆಯ ದಿನ ಬೆಳಗ್ಗೆ ಹತ್ತಕ್ಕೆ, ಕೈ ಚೆನ್ನಾಗಿ ನಿಂತಿದ್ದಾಗ, ಎದ್ದು ಅಂಗಿಯ ಗುಂಡಿ ಹಾಕಿಕೊಂಡು ಗಿರಣಿಯ ಕಡೆ ನಡೆದರು. ನಾನು ಅಂಗಡಿಯನ್ನು ಹಾಗೇ ಬಿಟ್ಟು ಹಿಂದೆ ಹೋದೆ. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಚಾಳಿ, ಒಪ್ಪಿಕೊಳ್ಳುತ್ತೇನೆ.

ಗಿರಣಿ ಓಡುತ್ತಿತ್ತು. ಅವರು ಏನೋ ಹೇಳಿದರು, ಕೇಳಿಸಲಿಲ್ಲ. ಹೊಂಬಾಳಮ್ಮ ಅವರನ್ನು ನೋಡಿ ಸ್ವಿಚ್ಚು ಆರಿಸಿದಳು. ಬೆಲ್ಟು ತಿರುಗಿ ತಿರುಗಿ ನಿಂತಿತು. ರಾಗಿ ಬೀಸಿಸಲು ಬಂದಿದ್ದ ಇಬ್ಬರು ಹೆಂಗಸರು ಹತ್ತಿರ ಬಂದು ನಿಂತರು.

"ತೂಕ ಸರಿಯಿತ್ತು ಹೊಂಬಾಳಮ್ಮೋರೆ" ಎಂದರು ಆಚಾರ್ರು. "ಅದನ್ನೇ ಹಿಡ್ಕೊಂಡು ಇಷ್ಟು ವರ್ಷ ಕೂತೆ. ಎಡಗಡೆ ಓಲೇಲಿ ತಗ್ಗಿತ್ತು, ನಂಗೆ ಕಂಡಿತ್ತು. ದೋಷ ಅಂದ್ಕೊಂಡೆ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪಾಯ್ತು."

ಅವಳು ಹಿಟ್ಟಿನ ಚೀಲದ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಕಣ್ಣೀರಿಗೆ ಹಿಟ್ಟು ಕಲೆತು ಕೆನ್ನೆಗೆಲ್ಲ ಮೆತ್ತಿಕೊಂಡಿತು. "ಕಂಡಿತ್ತಾ ನಿಮಗೆ?" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. "ನಮ್ಮವ್ವ ಸತ್ತ ಮೇಲೆ ಅದನ್ನ ಕಂಡೋರು ಯಾರೂ ಉಳಿದಿಲ್ಲ ಅಂದ್ಕೊಂಡಿದ್ದೆ." ಎದ್ದು ಸ್ವಿಚ್ಚಿಗೆ ಕೈ ಹಾಕುತ್ತ, "ಹೋಗಿ, ಬಟ್ಟೆಗೆಲ್ಲ ಹಿಟ್ಟಾಗ್ತದೆ" ಎಂದಳು.

ಅವತ್ತು ಮಧ್ಯಾಹ್ನ ಒಂದು ಮಾತ್ರೆ ನುಂಗಿದಳು. ಹನ್ನೆರಡೂವರೆಯಾಯಿತು, ಒಂದಾಯಿತು, ಆಚಾರ್ರ ಕೈ ಬತ್ತಿ ಹೊಸೆಯುತ್ತಲೇ ಇತ್ತು. ಸಂಜೆ ಒಂದೂವರೆ ಕೊಟ್ಟೆ, ಏನೂ ಆಗಲಿಲ್ಲ. ಮಾರನೆಯ ದಿನ ಬೆಳಗ್ಗೆಯೂ ಅಷ್ಟೇ. ಬೇರೆ ಯಾರಿಗಾದರೂ ಹೋಯಿತೋ ಎಂದು ಬೀದಿಯಲ್ಲಿ ವಿಚಾರಿಸಿದೆ, ಯಾರಿಗೂ ಹೋಗಿರಲಿಲ್ಲ. ಮನಸ್ಸು ಖಾಲಿಯಿಟ್ಟುಕೊಂಡು ನುಂಗಿದ್ದು ಯಾರಿಗೂ ಮುಟ್ಟುವುದಿಲ್ಲ. ಆಚಾರ್ರ ಅಂಗಡಿಯ ಹಲಗೆಯ ಮೇಲೆ ಒಬ್ಬಳು ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ದೂರದಿಂದ ಬಂದವಳು, ಮೂರು ಬಸ್ಸು ಬದಲಾಯಿಸಿ. ಆಚಾರ್ರು ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದರು.

ಹನ್ನೊಂದೂವರೆಗೆ ಹೊಂಬಾಳಮ್ಮ ಬಂದಳು. ರಸ್ತೆಯ ಆಚೆ ನೋಡಿ "ನಿನ್ನ ತಕ್ಕಡಿಗೆ..." ಎಂದು ಶುರು ಮಾಡಿದಳು, ಮುಂದಕ್ಕೆ ಹೋಗಲಿಲ್ಲ. "ಬಾಯಿಗೆ ಬರ್ತದೆ ವಸುಮತಿ, ಒಳಗಿಂದ ಬರಲ್ಲ. ಎಲ್ಲಾ ಹೋಯ್ತು. ಅವ್ವನ ನೆನೆದ್ರೆ ಅವ್ವ ಒಬ್ಳೇ ಬರ್ತಾಳೆ, ಮೊದ್ಲು ಅವಳ ಹಿಂದೇನೇ ಇವರು ಬರ್ತಿದ್ರು, ಈಗ ಬರಲ್ಲ." ಸೆರಗಿನ ಹಿಟ್ಟು ಕೊಡವಿದಳು. "ನಾನು ಚೆನ್ನಾಗಿದೀನಿ ಕಣೆ. ಇಷ್ಟು ಹಗುರವಾಗಿ ನಾನು ಯಾವತ್ತೂ ಇರ್ಲಿಲ್ಲ. ನನ್ನ ಮನಸ್ಸು ಹಗುರ ಆಗಿ ಆ ಮನುಷ್ಯನ ಕೈ ಹೋಯ್ತಲ್ಲ."

 ಇನ್ನೊಂದು ಮಾತ್ರೆ ಕೈಗಿಟ್ಟೆ, ಹನ್ನೆರಡರದು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನಾನು ನೀರಿನ ಲೋಟ ಹಿಡಿದುಕೊಂಡು ಹಿಂದೆಯೇ ಹೋದೆ. ಅವಳು ಹಲಗೆಯ ಮೇಲೆ, ಆ ತಾಯಿಯ ಪಕ್ಕದಲ್ಲಿ, ಆಚಾರ್ರಿಗೆ ಎದುರಾಗಿ ಕೂತಳು.

"ಆಚಾರ್ರೆ, ಇಷ್ಟು ವರ್ಷ ನಿಮ್ಮ ವಿಷಯದಲ್ಲಿ ನಾನು ನೆನೆದಿದ್ದು ಒಂದೇ ಒಂದು. ಅದು ಹೋದ ಮೇಲೆ ನೆನೆಯೋಕೆ ನನ್ನ ಹತ್ರ ಏನೂ ಇಲ್ಲ. ನೀವು ಎಂಥೋರು ಅಂತಾನೇ ನಂಗೆ ಗೊತ್ತಿಲ್ಲ. ಹೇಳಿ."

"ಏನ್ ಹೇಳ್ಲಿ?" ಆಚಾರ್ರು ಕಕ್ಕಾಬಿಕ್ಕಿಯಾದರು.

"ಏನಾದ್ರೂ. ಬೆಳಗ್ಗೆ ಏನ್ ತಿಂದ್ರಿ, ಅಲ್ಲಿಂದ ಶುರು ಮಾಡಿ."

ಉಪ್ಪಿಟ್ಟು ಎಂದರು. ತಳ ಹಿಡಿದಿತ್ತು ಎಂದರು. ಹೆಂಡತಿ ಹೋದ ಮೇಲೆ ಕಲಿತದ್ದು ಎರಡೇ ಅಡುಗೆ, ಎರಡೂ ತಳ ಹಿಡಿಯುತ್ತವೆ. "ಒಗ್ಗರಣೆಗೆ ಬೆಂಕಿ ಜಾಸ್ತಿ ಮಾಡ್ತೀರ, ಕುಲುಮೆ ಅಭ್ಯಾಸ" ಎಂದಳು ಹೊಂಬಾಳಮ್ಮ. ಆಚಾರ್ರು ಯೋಚಿಸಿ, ಇದ್ದರೂ ಇರಬಹುದು ಎಂದರು. ಹಾಗೇ ಮಾತು ಮುಂದೆ ಹೋಯಿತು. ಹೆಂಡತಿಯ ಹೆಸರು ಪಾರ್ವತಿ, ಹಾಡಿದರೆ ಅಪಸ್ವರ, ಆದರೂ ದಿನವೂ ಹಾಡುತ್ತಿದ್ದರು. ಹಲ್ಲಿ ಕಂಡರೆ ಇವರಿಗೆ ಆಗದು. ಆಮೇಲೆ, ನನಗೂ ಗೊತ್ತಿಲ್ಲದ ಒಂದು ಸಂಗತಿ ಬಾಯಿಬಿಟ್ಟರು. ನಲವತ್ತು ವರ್ಷ ಕಿವಿ ಚುಚ್ಚಿದರೂ ಪ್ರತಿ ಸಲವೂ ಚುಚ್ಚುವ ಮುಂಚೆ ಅವರಿಗೆ ಹೆದರಿಕೆಯಾಗುತ್ತದಂತೆ.

"ಹೆದರಿಕೆನಾ? ನಿಮಗಾ?" ಹೊಂಬಾಳಮ್ಮ ಮುಂದಕ್ಕೆ ಬಾಗಿದಳು. "ಮತ್ತೆ ಹೇಗೆ ಚುಚ್ತಿದ್ರಿ?"

"ಮೊದಲನೇ ಸಲ ಚುಚ್ಚಿದ್ದು ನಮ್ಮಕ್ಕನ ಮಗಳಿಗೆ. ನಮ್ಮಪ್ಪ ತಂತಿ ಕೈಗೆ ಕೊಟ್ಟು ಆಚೆ ಹೋಗ್ಬಿಟ್ರು. ನಾನು ಮಗೂನ ನೋಡ್ತಾ ಕೂತೆ, ಮಗು ನನ್ನ ನೋಡ್ತಾ ಕೂತ್ಕೊಳ್ತು..."

ಗಡಿಯಾರದಲ್ಲಿ ಹನ್ನೆರಡಾಗಿತ್ತು. ನಾನು ಲೋಟ ಮುಂದೆ ಚಾಚಿದೆ. ಹೊಂಬಾಳಮ್ಮ ನನ್ನ ಕಡೆ ತಿರುಗಲೂ ಇಲ್ಲ. ಮುಷ್ಟಿ ಬಿಚ್ಚಿ ಮಾತ್ರೆ ಬಾಯಿಗೆ ಹಾಕಿಕೊಂಡಳು, ಒಂದು ಗುಟುಕು ನೀರು ಕುಡಿದಳು, ಲೋಟವನ್ನು ನೋಡದೆಯೇ ವಾಪಸು ಕೊಟ್ಟಳು. "ಹೂಂ, ಆಮೇಲೆ?" ಎಂದಳು.

ಆಚಾರ್ರು ಹೇಳುತ್ತ ಹೋದರು. ಹನ್ನೆರಡೂವರೆಯ ಹೊತ್ತಿಗೆ, ಮಾತಿನ ನಡುವೆ, ಅವರ ಬಲಗೈ ತೊಡೆಯ ಕೆಳಗಿನಿಂದ ತಾನಾಗಿ ಹೊರಗೆ ಬಂತು, ಮಗುವಿನ ಕಿವಿಯ ಅಳತೆ ತೋರಿಸಲು ಗಾಳಿಯಲ್ಲಿ ಹಾಗೇ ನಿಂತಿತು. ಅವರೂ ಅದನ್ನು ಗಮನಿಸಿರಲಿಲ್ಲ. ಆ ದೂರದ ತಾಯಿ ಗಮನಿಸಿದಳು. ಮಗುವನ್ನು ಎತ್ತಿ ಅವರ ಮುಂದೆ ಹಿಡಿದಳು. ಆಚಾರ್ರು ಒಮ್ಮೆ ಕೈ ನೋಡಿಕೊಂಡರು, ಒಮ್ಮೆ ಹೊಂಬಾಳಮ್ಮನನ್ನು ನೋಡಿದರು, ತಂತಿ ತೆಗೆದುಕೊಂಡರು. ಮಗು ಬಾಯಿ ತೆಗೆಯುವಷ್ಟರಲ್ಲಿ ಎಡಗಿವಿ ಮುಗಿದಿತ್ತು. ಅದು ಚೀರಿ ಅತ್ತಿತು, ಬೀದಿಯವರು ಇಣುಕಿದರು, ನಾನು ಅಲ್ಲೇ ನಿಂತು ಕಣ್ಣೊರೆಸಿಕೊಂಡೆ. ಹೊಂಬಾಳಮ್ಮ ಮಾತ್ರ ಮಗುವನ್ನೂ ನೋಡಲಿಲ್ಲ, ತಂತಿಯನ್ನೂ ನೋಡಲಿಲ್ಲ. ಆಚಾರ್ರ ಮುಖವನ್ನೇ ನೋಡುತ್ತ ಕೂತಿದ್ದಳು, ಅಳುವಿನ ಸದ್ದನ್ನು ಮೀರಿಸಿ ತನ್ನ ಗಿರಣಿಯ ಗಂಟಲಿನಲ್ಲಿ ಕೇಳಿದಳು, "ಹೆದರಿಕೆ ಆಯ್ತಾ? ಹೇಳಿ, ಈಗ್ಲೂ ಆಯ್ತಾ?"